ಬಾಣಂತಿಗೆ ಬೆಚ್ಚನೆ ಗೋಡೆ

ಜಗಳೂರಿನ ಆ ಓಣಿಯಲ್ಲಿ ಕೂಸು ಹುಟ್ಟಿತೆಂದರೆ ಡಾಕ್ಟರ ಕೆಲಸ ಮುಗಿಯಿತು, ಉಚ್ಚಂಗೆಮ್ಮನ ಕೆಲಸ ಶುರುವಾಯಿತು ಎಂದೇ ಅರ್ಥ. ಎಣ್ಣೆ ತಿಕ್ಕುವುದು, ನೀರು ಎರೆಯುವುದು, ಲೋಬಾನದ ಹೊಗೆ ಹಾಕುವುದು, ಬಾಣಂತಿಯ ಕಿವಿಗೆ ಅರಳೆ ಇಡುವುದು, ಎಲ್ಲ ಅವಳದೇ. ಯಾವ ಜಾತಿ, ಯಾವ ಮನೆ ಎಂದು ನೋಡಿದವಳಲ್ಲ. ಬಾಯಿ ಮಾತ್ರ ಭಾರೀ ಜೋರು. ಬಾಣಂತಿ ಕೋಣೆಯಲ್ಲಿ ಫ್ಯಾನ್ ತಿರುಗಿದರೆ, "ಏನೇ, ಕೂಸಿಗೆ ಥಂಡಿ ಹಿಡಿಸಾಕೆ ಹಡೆದೀಯೇನೇ?" ಎಂದು ಗದರಿಬಿಡುತ್ತಿದ್ದಳು.

ಈ ಚಳಿಗಾಲ ಹಡೆದು ಬಂದವಳು ಸ್ವಂತ ಮಗಳು ದುರ್ಗಾಂಬಿಕಾ. ಇನ್ನು ಕೇಳಬೇಕೆ! ಮಂಚ ಎಲ್ಲಿ ಹಾಕುವುದೆಂದು ಉಚ್ಚಂಗೆಮ್ಮ ಕೋಣೆಯ ಗೋಡೆಗಳನ್ನೆಲ್ಲ ಮುಟ್ಟಿ ನೋಡಿದಳು. ಸ್ವಿಚ್ ಬೋರ್ಡಿನ ಪಕ್ಕದ ಗೋಡೆ ಹದವಾಗಿ ಬೆಚ್ಚಗಿತ್ತು. ಗೀಸರ್ ಹಾಕಿದಾಗಲಂತೂ ಇನ್ನಷ್ಟು ಬೆಚ್ಚಗಾಗುತ್ತಿತ್ತು. "ನೋಡೇ, ದೇವರೇ ಬಾಣಂತಿ ಕೋಣೆ ಮಾಡಿಟ್ಟಾನೆ!" ಎಂದು ಹಿಗ್ಗಿ, ಮೊಮ್ಮಗುವನ್ನು ಆ ಗೋಡೆಗೇ ಒತ್ತಿ ಮಲಗಿಸಿದಳು. ಕೂಸು ಕಮಕ್ ಕಿಮಕ್ ಎನ್ನದೆ ನಿದ್ದೆ ಹೋಯಿತು.

ಆದರೆ ಲೈಟು ಪದೇ ಪದೇ ಹತ್ತಿ ಆರತೊಡಗಿತು. ದುರ್ಗಾಂಬಿಕಾ ಹಟ ಹಿಡಿದು ವೈರ್‌ಮನ್ ಪ್ರದೀಪನನ್ನು ಕರೆಸಿದಳು. ಅವನು ಮೇನ್ ಆಫ್ ಮಾಡಿ ಬೋರ್ಡು ಬಿಚ್ಚಿದ. ಹಿಂದಿನ ಮರದ ಪೆಟ್ಟಿಗೆ ಒಲೆಯಿಂದ ಎಳೆದ ಕೊಳ್ಳಿಯ ಹಾಗೆ ಕರ್ರಗಾಗಿತ್ತು. ಸ್ಕ್ರೂಡ್ರೈವರ್ ತಾಗಿಸಿದ್ದೇ ತಡ, ವೈರು ಪಟ್ಟನೆ ಮುರಿದುಬಿತ್ತು.

"ಅಯ್ಯಯ್ಯೋ! ಉಚ್ಚಂಗವ್ವ, ಇದು ಹಳೇ ಅಲ್ಯೂಮಿನಿಯಂ ವೈರು. ಇದಕ್ಕೇ ತಾಮ್ರದ ವೈರು ಸುತ್ತಿ ಗೀಸರಿಗೆ ಲೈನ್ ಕೊಟ್ಟಾರೆ. ಜಾಯಿಂಟ್ ಸಡಿಲಾಗಿ ಒಳಗೊಳಗೇ ಸುಟ್ಟೈತೆ. ಗೋಡೆ ಬಿಸಿ ಆಗ್ತಿರಲಿಲ್ವಾ?"

ಉಚ್ಚಂಗೆಮ್ಮ ಕೆಳಗೆ ನೋಡಿದಳು. ಗೋಡೆಯ ಬುಡದಲ್ಲಿ ಕುಲಾವಿ, ಅರಳೆ, ಹಳೆ ಸೀರೆಯ ಬಟ್ಟೆಗಳ ರಾಶಿ. ಒಂದು ಕಿಡಿ ಬಿದ್ದಿದ್ದರೆ! ದುರ್ಗಾಂಬಿಕಾ ಕೂಸನ್ನು ಅವಚಿಕೊಂಡು ದೂರ ಸರಿದಳು. ತಾಯಿಯ ಮುಖ ನೋಡಲಿಲ್ಲ.

"ಗಾಬರಿ ಆಗಬ್ಯಾಡ್ರಿ, ಹೊಸ ವೈರು ಎಳೆಯೋಣ" ಅಂದ ಪ್ರದೀಪ. "ಈ ಸಾಲಿನ ಮನೆಗಳೆಲ್ಲ ಒಟ್ಟಿಗೇ ಕಟ್ಟಿದ್ದು. ಎಲ್ಲಾ ಕಡೆ ಇದೇ ವೈರು ಐತೆ."

ಎಲ್ಲಾ ಕಡೆ! ಉಚ್ಚಂಗೆಮ್ಮ ಥಟ್ಟನೆ ಬಾಗಿಲ ಕಡೆ ತಿರುಗಿದಳು. ಅದೇ ಸಾಲಿನ ಕೊನೆ ಮನೆಯಲ್ಲಿ ಆಸ್ಮಾ ಹಡೆದಿದ್ದಳು. ಅಲ್ಲಿಯೂ ಬೆಚ್ಚನೆ ಗೋಡೆ ಹುಡುಕಿ, ಆ ಬೆಳಿಗ್ಗೆಯಷ್ಟೇ ತೊಟ್ಟಿಲನ್ನು ತಾನೇ ಅದರ ಬುಡಕ್ಕೆ ತಳ್ಳಿ ಬಂದಿದ್ದಳು.

ಚಪ್ಪಲಿ ಮೆಟ್ಟದೆ ಓಡಿದಳು. ಆಸ್ಮಾಳ ಅತ್ತೆ ದಿಲ್‌ಶಾದ್ ಬೇಗಂ ಬಾಗಿಲಲ್ಲೇ ಸಿಕ್ಕಿ ನಗುತ್ತ, "ಬರ್ರಿ ಅಕ್ಕ, ನೀವು ಹೇಳಿದ ಜಾಗ ಭಾರಿ ಚಲೋ ಐತೆ. ಕೂಸು ಇನ್ನೂ ಎದ್ದೇ ಇಲ್ಲ" ಅಂದಳು.

"ಮೇನ್ ಆಫ್ ಮಾಡ್ರಿ! ಮೊದ್ಲು ಮೇನ್ ಆಫ್ ಮಾಡ್ರಿ!" ಎಂದು ಅರಚುತ್ತ ಉಚ್ಚಂಗೆಮ್ಮ ಒಳಗೆ ನುಗ್ಗಿದಳು. ಲೋಬಾನದ ಹೊಗೆಯ ನಡುವೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕೂಸನ್ನು ಬಾಚಿ ಎತ್ತಿಕೊಂಡಳು. ಅದು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು.

"ಅಳೋ ನನ್ನಪ್ಪಾ, ಅಳು" ಎನ್ನುತ್ತ ಉಚ್ಚಂಗೆಮ್ಮ ನೆಲದ ಮೇಲೆ ಕುಸಿದು ಕೂತಳು.