ಡೈರಿ ಬೋರ್ಡಿಗೆ ಕನ್ನಡ ಬರೆದದ್ದು

ನನಗೆ ಸಿಟ್ಟು ಬೇಗ ಬರುತ್ತದೆ. ಇಂಗ್ಲಿಷ್ ವಿಷಯದಲ್ಲಿ ಇನ್ನೂ ಬೇಗ. ಇಂಗ್ಲಿಷ್ ಬರುವುದಿಲ್ಲವೆಂದಲ್ಲ, ಮಂಡ್ಯದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಪಾಠ ಹೇಳಿಕೊಂಡು ಅದರ ಅನ್ನವನ್ನೇ ತಿನ್ನುತ್ತಿದ್ದೇನೆ. ಆದರೆ ಬ್ಯಾಂಕಿನ ಮಿಷನ್ನಿನ ಮುಂದೆ ನಿಂತ ಹೆಂಗಸೊಬ್ಬಳು ಪರದೆಯಲ್ಲಿ ಬಂದದ್ದು ಏನೆಂದು ಹಿಂದೆ ನಿಂತವರನ್ನು ಕೇಳುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಗುತ್ತಲಿನ ನಮ್ಮ ಮನೆಯಲ್ಲಿ ಈ ಉರಿಯ ಭಾಷಣ ಕೇಳುವವರು ನನ್ನ ಗಂಡ ಒಬ್ಬರೇ. ಅವರು ಪೇಪರಿನಿಂದ ತಲೆ ಎತ್ತದೆ "ಹೂಂ" ಅನ್ನುತ್ತಾರೆ.

ಹೀಗಿರುವಾಗ ಅತ್ತಿಗೆಯ ಫೋನು ಬಂತು. ಕೊಪ್ಪದ ಪಕ್ಕದ ನನ್ನ ತವರೂರಿನಲ್ಲಿ ಹೆಂಗಸರದೇ ಒಂದು ಹಾಲಿನ ಡೈರಿ ಇದೆ. ನಮ್ಮಣ್ಣನ ಹೆಂಡತಿ ಅದರ ಸೆಕ್ರೆಟರಿ. ಏಳನೇ ಕ್ಲಾಸಿನವರೆಗೆ ಓದಿದವಳು, ಲೆಕ್ಕದಲ್ಲಿ ನನಗಿಂತ ಚುರುಕು.

"ಅಮ್ಮಿ, ಈ ಕಂಪ್ಯೂಟ್ರು ದಿನಾ ನಂಗೇನೋ ಏಳ್ತಾ ಅದೆ. ಒಂದೂ ಅರ್ಥಾಯ್ತಿಲ್ಲ. ಕೆಂಪಗೆ ಬಂದ್ರೆ ಬಯ್ತಾ ಅದೆ, ಅಸ್ರಾಗಿ ಬಂದ್ರೆ ಸರಿಯಾಯ್ತು ಅಂತದೆ, ಈಟೇ ನಂಗೊತ್ತಿರದು" ಅಂದಳು.

ಆ ಪ್ರೋಗ್ರಾಮು ಬರೆದುಕೊಟ್ಟವನು ನನ್ನದೇ ಹಳೆಯ ವಿದ್ಯಾರ್ಥಿ. ಕೇಳಿದೊಡನೆ "ತಗೊಳ್ಳಿ ಮೇಡಂ, ಏನು ಬೇಕಾದರೂ ಮಾಡಿ" ಎಂದು ಇಡೀ ಗಂಟನ್ನೇ ಕಳಿಸಿದ. ಅವನು ಪ್ರೋಗ್ರಾಮು ಬರೆದಿದ್ದ ಕಂಪ್ಯೂಟರ್ ಭಾಷೆಯ ಲೈಬ್ರರಿಯಲ್ಲಿ, ಅಂದರೆ ಅದರ ಸಿದ್ಧ ಸಲಕರಣೆಗಳ ಪೆಟ್ಟಿಗೆಯಲ್ಲಿ, ಇಂಥ ಕೆಲಸಕ್ಕೆಂದೇ ಒಂದು ಏರ್ಪಾಡಿದೆ. ಪ್ರೋಗ್ರಾಮು ಆಡುವ ಮಾತುಗಳನ್ನೆಲ್ಲ ಹೆಕ್ಕಿ ಒಂದು ಪಟ್ಟಿ ಮಾಡಿಕೊಳ್ಳಬಹುದು. ಮೇಲೊಂದು ಇಂಗ್ಲಿಷ್ ಸಾಲು, ಅದರ ಕೆಳಗೆ ಖಾಲಿ ಜಾಗ. ಆ ಜಾಗಕ್ಕೆ ಕನ್ನಡ ತುಂಬಬೇಕು. ಈ ಕಂಪ್ಯೂಟರ್ ಇರುವ ಕಡೆಯ ಭಾಷೆ ಕನ್ನಡ ಎಂದು ಒಂದು ಕಡೆ ಹೇಳಿಟ್ಟರೆ, ಪ್ರೋಗ್ರಾಮು ಪ್ರತಿ ಸಲ ಬಾಯಿ ತೆರೆಯುವ ಮೊದಲು ಪಟ್ಟಿ ನೋಡಿಕೊಂಡು ಕನ್ನಡದ ಸಾಲನ್ನೇ ಹೇಳುತ್ತದೆ. ಕೆಳಗಿನ ಜಾಗ ಖಾಲಿ ಬಿಟ್ಟಿದ್ದರೆ ತಕರಾರಿಲ್ಲದೆ ಮೇಲಿನ ಇಂಗ್ಲಿಷನ್ನೇ ತೋರಿಸುತ್ತದೆ. ಇದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ, ಕೈಯಾರೆ ಒಂದು ಸಲವೂ ಮಾಡಿರಲಿಲ್ಲ.

ಪಟ್ಟಿಯನ್ನು ಪ್ರಿಂಟು ಹಾಕಿಕೊಂಡು ಶನಿವಾರ ಮಧ್ಯಾಹ್ನ ಬಸ್ಸು ಹತ್ತುತ್ತಿದ್ದೆ. ಗೆಜ್ಜಲಗೆರೆಯಲ್ಲಿ ಶಿಫ್ಟು ಮುಗಿಸಿದ ಫ್ಯಾಕ್ಟರಿಯವರು ನುಗ್ಗುವಷ್ಟರಲ್ಲಿ ನಾಲ್ಕು ಸಾಲಾದರೂ ಆಗಿರುತ್ತಿದ್ದವು. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಕೊಪ್ಪ ಮುಟ್ಟುವ ಹೊತ್ತಿಗೆ ಇನ್ನು ನಾಲ್ಕು. ಮೊದಲ ಪ್ರತಿಯನ್ನು ಅತ್ತಿಗೆಯ ಮುಂದೆ ಹೆಮ್ಮೆಯಿಂದ ಓದಿದೆ. "ದತ್ತಾಂಶವನ್ನು ಯಶಸ್ವಿಯಾಗಿ ಉಳಿಸಲಾಗಿದೆ."

ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಇದೇನಮ್ಮಿ, ಕೋರ್ಟ್ ನೋಟೀಸಾ?"

"ಬರೆದುಕೊಂಡಾಯಿತು ಅಂತ ಅರ್ಥ."

"ಅಂಗೇ ಬರಿ ಮತ್ತೆ."

ಹಾಗೇ ಬರೆದೆ. ಸಂವೇದಕ ಪ್ರತಿಕ್ರಿಯಿಸುತ್ತಿಲ್ಲ ಎಂದು ಇದ್ದದ್ದು "ಮಿಷನ್ನು ಮಾತಾಡುತ್ತಿಲ್ಲ, ವೈರು ನೋಡಿ" ಆಯಿತು. ಹೀಗೆ ಒಂದೊಂದೇ ಸಾಲು ನಮ್ಮ ಮನೆಯ ಜಗಲಿಗೆ ಇಳಿದು ಕೂತಿತು. ಮೂರು ವಾರ ನಾನು ಅಷ್ಟು ಸುಖವಾಗಿದ್ದದ್ದು ಮದುವೆಯ ನಂತರ ಅಪರೂಪ. ಮನೆಯಲ್ಲಿ ಭಾಷಣವೂ ನಿಂತಿತ್ತು, ಗಂಡ ಮೈ ಹುಷಾರಿಲ್ಲವೇ ಎಂದು ಕೇಳಿದರು.

ಸದಸ್ಯರ ಹೆಸರುಗಳನ್ನೂ ಕನ್ನಡದಲ್ಲಿ ಟೈಪು ಮಾಡಿ ಹೊಸ ಪ್ರೋಗ್ರಾಮು ಹಾಕಿದ್ದು ಒಂದು ಶನಿವಾರ ಸಂಜೆ. ಮರುದಿನ ಬೆಳಿಗ್ಗೆ ಆರಕ್ಕೇ ಡೈರಿಯಲ್ಲಿ ನಿಂತಿದ್ದೆ, ಜಂಬದ ಕೋಳಿ. ಹಾಲು ಅಳೆಯುವ ಕಿಟಕಿಯ ಮೇಲೆ ಸಾಲಿನ ಕಡೆಗೆ ಮುಖ ಮಾಡಿ ದೊಡ್ಡ ಪರದೆಯೊಂದನ್ನು ಹಾಕಿದ್ದಾರೆ, ಅದನ್ನೇ ಎಲ್ಲರೂ ಬೋರ್ಡು ಅನ್ನುವುದು. ಯಾರ ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು ಎಂದು ಅವರವರೇ ನೋಡಿಕೊಳ್ಳಲಿ ಎಂದು. ಅದುವರೆಗೆ ಅಂಕಿ ಒಂದು ಬಿಟ್ಟು ಮಿಕ್ಕಿದ್ದನ್ನು ಯಾರೂ ನೋಡುತ್ತಿರಲಿಲ್ಲ. ಆ ದಿನ ಒಬ್ಬೊಬ್ಬಳೂ ತನ್ನ ಹೆಸರು ಕನ್ನಡದಲ್ಲಿ ಬಂದದ್ದನ್ನು ನೋಡಿ, ಪಕ್ಕದವಳಿಗೆ ತೋರಿಸಿ, ಕ್ಯಾನು ಎತ್ತಿಕೊಳ್ಳುವುದನ್ನೇ ಮರೆತು ನಿಂತಳು. ಒಬ್ಬಳಂತೂ ಫೋಟೋ ತೆಗೆದುಕೊಂಡಳು.

ಸಾಲಿನಲ್ಲಿ ಆರನೆಯವಳು ದೊಡ್ಡವ್ವ. ಸ್ವಂತ ದೊಡ್ಡವ್ವ ಅಲ್ಲ, ಬೀದಿಯ ವರಸೆಯಲ್ಲಿ. ಎಪ್ಪತ್ತು ದಾಟಿದೆ. ಮಗ, ಸೊಸೆ ಜೊತೆಗೇ ಇದ್ದಾರೆ, ಆದರೆ ಹಸು ಮಾತ್ರ ಅವಳದೇ. ಇನ್ನೊಬ್ಬರು ಕರೆಯಕೂಡದು, ಇನ್ನೊಬ್ಬರು ಡೈರಿಗೆ ಹೋಗಕೂಡದು. ನಾನು ಕಾಲೇಜಿನಲ್ಲಿದ್ದಾಗ ದೊಡ್ಡವರಿಗೆ ಓದು ಕಲಿಸುವ ಶಾಲೆ ನಮ್ಮ ಜಗಲಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಆಮೇಲೆ ಬಸ್ಸಿನ ಬೋರ್ಡು, ಸೋಪಿನ ಪೊಟ್ಟಣ, ಲಗ್ನಪತ್ರಿಕೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಅವಳು ಗಟ್ಟಿಯಾಗಿಯೇ ಓದುವುದು. ಮನಸ್ಸಿನಲ್ಲಿ ಓದಿಕೊಳ್ಳುವುದು ಅವಳಿಗೆ ಬಾರದು.

ದೊಡ್ಡವ್ವ ಹಾಲು ಸುರಿದು ಬೋರ್ಡಿಗೆ ತಲೆ ಎತ್ತಿದಳು. ಕೆಂಪು ಅಕ್ಷರ ಬಂತು. ನಾನು ಕಲಿಸಿದ ಹಾಗೆಯೇ, ಮಾತಿನಲ್ಲಿ ಎಂದೂ ಆಡದ ಹಕಾರವನ್ನು ಒತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.

"ಹಾ... ಲಿ... ನ... ಲ್ಲಿ. ಹಾಲಿನಲ್ಲಿ. ನೀ... ರು. ನೀರು. ಇ... ದೆ."

ಇದೆ ಎಂದ ಮೇಲೆ ಅವಳಿಗೆ ಅರ್ಥವಾಯಿತು. ಎರಡನೆಯ ಸಾಲು, ಈ ಹಾಲು ತೆಗೆದುಕೊಳ್ಳುವುದಿಲ್ಲ ಅನ್ನುವುದನ್ನು, ಅವಳು ಓದಲಿಲ್ಲ. ದೊಡ್ಡವ್ವ ಕ್ಯಾನು ಎತ್ತಿಕೊಂಡು ಅದರ ಮೇಲೆ ಸೆರಗು ಮುಚ್ಚಿ ಮನೆ ಕಡೆ ನಡೆದಳು. ನನ್ನ ಕಡೆ ನೋಡಲಿಲ್ಲ. ನಾನು ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು.

ಸಾಲು ಕರಗುವವರೆಗೆ ಅತ್ತಿಗೆ ಹಾಲು ಅಳೆಯುತ್ತಲೇ ಇದ್ದಳು. ಆಮೇಲೆ ಬಾಗಿಲು ಮುಂದಕ್ಕೆ ಮಾಡಿ ಹೇಳಿದಳು. "ಆ ಮಾತ ನಮ್ ಡೈರಿಲಿ ಯಾರೂ ಯಾರ್ಗೂ ಸಾಲಲ್ಲಿ ಏಳಲ್ಲ ಕಣಮ್ಮಿ. ನಮ್ಮತ್ತೆ ಕಾಲ್ದಿಂದ್ಲೂ ಇಲ್ಲ. ಕೆಂಪಗೆ ಬಂದ್ರೆ, 'ಒಸಿ ಕೂತ್ಕೊಳವ್ವ' ಅಂತೀನಿ. ಬೆಂಚ್ ಮ್ಯಾಲೆ ಕೂತ್ಕತಾರೆ. ಎಲ್ರೂ ಒಂಟೋದ್ ಮ್ಯಾಲೆ ಇಬ್ರೇ ಮಾತಾಡ್ಕತೀವಿ. ಬೋರ್ಡಲ್ಲಿ ಇಂಗ್ಲೀಸ್ ಇತ್ತು, ಯಾರ್ಗೂ ಕಾಣ್ತಿರ್ನಿಲ್ಲ."

ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದ ಇಂಗ್ಲಿಷ್ ಇಷ್ಟು ದಿನ ಬಡವರ ಮರ್ಯಾದೆಗೆ ಮರೆಯಾಗಿತ್ತು. ಅದನ್ನು ಕಿತ್ತುಹಾಕಿ ಬೆನ್ನು ತಟ್ಟಿಕೊಂಡವಳು ನಾನು. ಆ ಬೆಂಚನ್ನು ಚಿಕ್ಕಂದಿನಿಂದ ನೋಡಿದ್ದೆ. ಕಾಲು ನೋವಿನವರಿಗೆ ಹಾಕಿದ್ದಾರೆ ಅಂದುಕೊಂಡಿದ್ದೆ.

ನೇರವಾಗಿ ದೊಡ್ಡವ್ವನ ಮನೆಗೆ ಹೋದೆ. ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು.

"ನಾನು ನೀರಾಕ್ನಿಲ್ಲ ಕಣವ್ವ" ಅಂದಳು, ನಾನು ಬಾಯಿ ತೆರೆಯುವ ಮೊದಲೇ. "ಕ್ಯಾನು ತೊಳ್ದು ಬೋರ್ಲಾಕೋದ ಮರ್ತೆ. ಸೊಂಟ ಇಡ್ಕೊಂಡಿತ್ತು. ತಳದಾಗೆ ನಿಂತಿತ್ತೇನೋ."

"ಗೊತ್ತು ದೊಡ್ಡವ್ವ."

"ನಿಂಗೊತ್ತು. ಊರ್ಗೆ ಯಾರೇಳಾರು? ಆಲ್ಗೆ ನೀರಾಕ್ದೋಳು ಅಂತ ನನ್ ಬಾಯಿಂದ್ಲೇ ಓದುಸ್ಬುಡ್ತಲ್ಲವ್ವ ಆ ಬೋರ್ಡು!"

ಆ ಸಾಲು ಬರೆದವಳು ನಾನೇ ಎಂದೆ. ತಪ್ಪಾಯಿತು ಎಂದೆ. ಅವಳು ಹಸುವಿನ ಬೆನ್ನು ಸವರುತ್ತ, "ಮಳವಳ್ಳಿ ಕಡೆ ದನದ ಯಾಪಾರದೋರು ಸುಕ್ರವಾರ ಬತ್ತಾರೆ. ಕೊಟ್ಬುಡ್ತೀನಿ. ಆಲೇ ಇಲ್ದಿದ್ರೆ ಡೈರಿಗೇಕೋಗ್ಬೇಕು?" ಅಂದಳು. ಒಳಗಿನಿಂದ ಸೊಸೆ ನನಗೆ ಕಣ್ಸನ್ನೆಯಲ್ಲಿ ಏನಾದರೂ ಮಾಡಿ ಎಂದಳು. ದಿನಕ್ಕೆ ಎರಡು ಹೊತ್ತು ಡೈರಿಯ ಸಾಲಿನಲ್ಲಿ ನಿಲ್ಲುವುದು ತಪ್ಪಿದರೆ ಈ ಮುದುಕಿ ಮೂಲೆ ಹಿಡಿಯುತ್ತಾಳೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳಿಲ್ಲ.

ಮಧ್ಯಾಹ್ನ ಊಟವೂ ಸೇರಲಿಲ್ಲ. ಡೈರಿಗೆ ಹೋಗಿ ಪಟ್ಟಿ ತೆಗೆದು, ಆ ಸಾಲಿನ ಕೆಳಗಿನ ಕನ್ನಡವನ್ನು ಅಳಿಸಿ ಜಾಗ ಖಾಲಿ ಬಿಟ್ಟೆ. ಮತ್ತೆ ಇಂಗ್ಲಿಷ್ ಬರುತ್ತದೆ, ಮರೆ ಮೊದಲಿನಂತಾಗುತ್ತದೆ. ಅತ್ತಿಗೆಗೆ ತೋರಿಸಿದೆ.

"ಬುದ್ಧಿ ಎಲ್ಲಿ ಮಡಗಿದ್ದೀಯ?" ಅಂದಳು. "ಮಿಕ್ಕಿದ್ದೆಲ್ಲ ಕನ್ನಡ, ಇದೊಂದು ಇಂಗ್ಲೀಸು. ಇಂಗ್ಲೀಸ್ ಬಂತು ಅಂದ್ರೆ ನೀರು ಅಂತ ನಾಳಿಕ್ಕೇ ಗೊತ್ತಾಯ್ತದೆ."

ನಿಜವೇ. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಹೊಳೆಯದ್ದು ಅವಳಿಗೆ ನಿಂತ ನಿಲುವಿನಲ್ಲೇ ಹೊಳೆಯಿತು. "ಹಾಗಾದರೆ ನೀನು ಹೇಳುವುದನ್ನೇ ಬರೆಯಲಾ? ಒಸಿ ಕೂತ್ಕೊಳ್ಳಿ ಅಂತ?"

"ಬರಿ. ಆದ್ರೆ ನೀರಿಗೊಂದ್ಕೇ ಬರೀಬ್ಯಾಡ. ಪಾಸ್‌ಬುಕ್ಕು ಬರ್ಸೋಕೂ ಅದೇ ಬರ್ಲಿ. ದನದ ಫೀಡಿನ ಮೂಟೆ ತಗಂಡೋಗೋಕೂ ಅದೇ ಬರ್ಲಿ. ಬೆಂಚ್ ಮ್ಯಾಲೆ ಯಾರ್ ಯಾಕೆ ಕೂತವ್ರೆ ಅಂತ ಗೊತ್ತಾಗ್ಬಾರ್ದು."

ನನ್ನೊಳಗಿನ ಮೇಡಂ ಒಪ್ಪಲಿಲ್ಲ. ಮೂರು ಬೇರೆ ಬೇರೆ ಇಂಗ್ಲಿಷ್ ಸಾಲಿಗೆ ಒಂದೇ ಕನ್ನಡ! ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದುಕೊಂಡು ಬಂದಿದ್ದರೆ ಸೊನ್ನೆ ಕೊಟ್ಟು ಬಾಗಿಲಾಚೆ ನಿಲ್ಲಿಸುತ್ತಿದ್ದೆ. ಲೈಬ್ರರಿಗೆ ಮಾತ್ರ ಯಾವ ಆಕ್ಷೇಪವೂ ಇರಲಿಲ್ಲ, ಕೊಟ್ಟದ್ದನ್ನು ಹೇಳುವುದಷ್ಟೇ ಅದರ ಕೆಲಸ. ಬೋರ್ಡಿಗೆ ಮೂರಕ್ಕೂ "ಒಸಿ ಕೂತ್ಕೊಳ್ಳಿ" ಎಂದು ತುಂಬಿದೆ. ಕಿಟಕಿಯ ಒಳಗೆ ಅತ್ತಿಗೆಯ ಮುಂದಿರುವ ಚಿಕ್ಕ ಪರದೆಗೆ ಮಾತ್ರ ಪೂರ್ತಿ ವಿಷಯವೂ ಕೆಂಪು-ಹಸಿರು ಬಣ್ಣವೂ ಬರುವಂತೆ ಪ್ರೋಗ್ರಾಮಿನಲ್ಲಿ ಎರಡು ಸಾಲು ಸೇರಿಸಿದೆ. ಆ ಹೊತ್ತಿಗೆ ಕತ್ತಲಾಗುತ್ತ ಬಂದಿತ್ತು, ಕೊಪ್ಪದಿಂದ ಮದ್ದೂರಿಗೆ ಬಸ್ಸಿನಲ್ಲಿ ನಿಂತೇ ಬಂದೆ.

ಬುಧವಾರ ಕಾಲೇಜು ಮುಗಿಸಿ ಮತ್ತೆ ಊರಿಗೆ ಹೋದೆ. ಆ ಮೂರು ದಿನವೂ ದೊಡ್ಡವ್ವ ಡೈರಿಗೆ ಬಂದಿರಲಿಲ್ಲ, ಹಾಲನ್ನು ಕೊಪ್ಪದ ಹೋಟೆಲಿಗೆ ಕಳಿಸುತ್ತಿದ್ದಳಂತೆ. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಹೊಸ ಸಾಲು ಬರೆದುಕೊಂಡು ಹೋಗಿ ಅವಳ ಕೈಯಲ್ಲಿಟ್ಟೆ. ಓದು ಎಂದೆ. ಮೊದಲ ಸಲ ಅವಳು ಓದಲು ಹಿಂದೆಮುಂದೆ ನೋಡಿದ್ದನ್ನು ಕಂಡೆ.

"ಒ... ಸಿ. ಕೂ... ತ್ಕೊ... ಳ್ಳಿ." ಚೀಟಿಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ನೋಡಿದಳು. "ಇದು ನಮ್ ಮಾತಲ್ವಾ? ನಿಮ್ಮತ್ತಿಗೆ ಅನ್ನೋದು."

"ಅವಳದೇ. ಇನ್ನು ಬೋರ್ಡು ಇಷ್ಟೇ ಹೇಳೋದು. ಪಾಸ್‌ಬುಕ್ಕಿಗೂ ಇಷ್ಟೇ, ಫೀಡಿಗೂ ಇಷ್ಟೇ."

"ನೀರಿಗೂ?"

"ಅದಕ್ಕೂ ಇಷ್ಟೇ."

ದೊಡ್ಡವ್ವ ಚೀಟಿಯನ್ನು ಮಡಿಸಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು. ಕಾಫಿ ಕುಡಿದು ಹೋಗು ಎಂದಳು.

ಗುರುವಾರ ಬೆಳಿಗ್ಗೆ ಅತ್ತಿಗೆಯ ಪಕ್ಕ ಕಿಟಕಿಯ ಒಳಗೆ ಕೂತಿದ್ದೆ, ಹೊರಗೆ ನಿಲ್ಲುವ ಧೈರ್ಯ ಇರಲಿಲ್ಲ. ಸಾಲು ಅರ್ಧ ಕರಗಿದ ಮೇಲೆ ದೊಡ್ಡವ್ವ ಬಂದಳು. ಕ್ಯಾನು ಫಳಫಳ ಹೊಳೆಯುತ್ತಿತ್ತು. ಹಾಲು ಸುರಿದಳು. ಚಿಕ್ಕ ಪರದೆಯಲ್ಲಿ ಹಸಿರು ಬಂತು, ಫ್ಯಾಟು ಆ ದಿನದ ಸಾಲಿನಲ್ಲೇ ಹೆಚ್ಚು. ನಾನು ಉಸಿರು ಬಿಡುವಷ್ಟರಲ್ಲಿ ಬೋರ್ಡು ಇನ್ನೊಂದು ಸಾಲನ್ನೂ ಹೇಳಿತು.

"ಒ... ಸಿ" ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಮುಖ ಇಳಿದುಹೋಯಿತು. ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ದೊಡ್ಡವ್ವ, ಪಾಸ್‌ಬುಕ್ಕು ತಂದಿದ್ದೀಯಾ? ಆಲಾಕ್ದಿದ್ ಮೂರ್ ದಿನಕ್ಕೆ ಗೆರೆ ಎಳೀಬೇಕು" ಅಂದಳು.

ದೊಡ್ಡವ್ವ ನಿಧಾನವಾಗಿ ಹೋಗಿ ಬೆಂಚಿನ ಮೇಲೆ ಕೂತಳು. ಕೂತ ಮೇಲೆ ದನಿ ಎತ್ತರಿಸಿ, ಯಾರನ್ನೂ ನೋಡದೆ, "ಮಳವಳ್ಳಿಯೋರು ನಾಳೆ ಬತ್ತಾರಂತೆ. ಬರ್ಲಿ, ಕಾಫಿ ಕುಡ್ಕೊಂಡೋಗ್ಲಿ" ಅಂದಳು. ನಾಲ್ಕು ಜನ ನಕ್ಕರು.

ಅವಳ ಹಿಂದೆಯೇ ಇದ್ದವಳು ಈಚೆಗೆ ಮದುವೆಯಾಗಿ ಬಂದ ಹುಡುಗಿ, ಮೊದಲ ಸಲ ಅತ್ತೆಯ ಬದಲು ಹಾಲು ತಂದಿದ್ದಳು. ಅವಳು ಸುರಿದಾಗ ಚಿಕ್ಕ ಪರದೆ ಕೆಂಪಾಯಿತು. ಹಾಲಿನಲ್ಲಿ ನೀರು ಇದೆ. ನಾನೂ ಅತ್ತಿಗೆಯೂ ಇಬ್ಬರೇ ಓದಿದೆವು. ಹೊರಗೆ ಬೋರ್ಡು ಒಸಿ ಕೂತ್ಕೊಳ್ಳಿ ಅಂದಿತು. ಅತ್ತಿಗೆ ಈ ಸಲ ಏನನ್ನೂ ಹೇಳಲಿಲ್ಲ. ಹುಡುಗಿ ಕ್ಯಾನಿನ ಹಿಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು, ಕಣ್ಣು ತುಂಬಿದ್ದವು.

ದೊಡ್ಡವ್ವ ಅವಳ ಮುಖ ನೋಡಿದಳು. ಕಿಟಕಿಯಲ್ಲಿ ಅತ್ತಿಗೆಯ ಮುಖವನ್ನೂ ಒಂದು ಸಲ ನೋಡಿದಳು. ಆಮೇಲೆ ಬೆಂಚಿನ ತುದಿಗೆ ಸರಿದು ತನ್ನ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

"ಬಾ ಮಗಾ, ಕೂತ್ಕೊ" ಅಂದಳು, ಸಾಲಿನ ಕೊನೆಯವರಿಗೂ ಕೇಳುವಂತೆ. "ನಮ್ಮಿಬ್ರುದೂ ಪಾಸ್‌ಬುಕ್ಕೇ."