ಮೂರನೇ ಡೋಲಿನ ಇರ್ಮಾ

ವಿಸ್ಕಾನ್ಸಿನ್‌ನ ನಮ್ಮ ಪೀಟರ್ಸ್ ಬ್ಲಫ್‌ನಲ್ಲಿ ಯಾರನ್ನು ಕೇಳಿದರೂ, ಇರ್ಮಾ ಕ್ವಾಪಿಲ್ ಚೀಸ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದವಳು ಎನ್ನುತ್ತಾರೆ. ಅದು ಅರ್ಧ ಸತ್ಯ. ಒಂದು ನಿಮಿಷ ಬಿಡುವು ಸಿಕ್ಕರೆ ಸಾಕು, ದುಡಿಯುವ ಅದೇ ಕೈಗಳು ಹಾಲಿನ ತೊಟ್ಟಿಯ ಮುಚ್ಚಳದ ಮೇಲೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂದು ಓಡುತ್ತಿದ್ದವು. ಮೇಸ್ತ್ರಿ ಬೈಯಲು ಬಂದರೆ, "ಮುಚ್ಚಳ ಭದ್ರವಾಗಿದ್ಯಾ ಅಂತ ನೋಡ್ತಿದ್ದೆ" ಎಂದು ಮುಖ ಗಂಭೀರ ಮಾಡಿಕೊಳ್ಳುತ್ತಿದ್ದಳು. ಇಗರ್ಜಿಯಲ್ಲಿ ಮುಂದಿನ ಬೆಂಚಿನ ಬೆನ್ನು, ಮನೆಯಲ್ಲಿ ಗಂಡ ರುಡಾಲ್ಫನ ಬೆನ್ನು, ಎರಡರಲ್ಲೂ ಅವಳು ಭೇದ ಎಣಿಸಲಿಲ್ಲ.

"ಬೇರೆಯವರಿಗೆ ಬೆನ್ನು ಉಜ್ಜೋ ಹೆಂಡ್ತಿ ಸಿಗ್ತಾಳೆ. ನನಗೆ ಸಿಕ್ಕಿರೋದು ಬೆನ್ನ ಮೇಲೆ ಮೆರವಣಿಗೆ ಹೊರಡಿಸೋಳು" ಎಂದು ರುಡಾಲ್ಫ್ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ನಮ್ಮ ಊರಿನ ಡೋಲು ಪಡೆಯಲ್ಲಿ ಸಣ್ಣ ಡೋಲಿನ ಸಾಲಿಗೆ ಎಂಟು ಜನ. ಇರ್ಮಾ ಮೂರನೆಯವಳು, ಅವಳ ಎಡಕ್ಕೆ ನಾಲ್ಕನೆಯವನು ನಾನು, ಲೈಲ್ ಬ್ರಾಂಡ್‌ವೋಲ್ಡ್. ಕುಸ್ತಿಯಲ್ಲಿರುವಂತೆ ಡೋಲಿನಲ್ಲೂ ಪಟ್ಟುಗಳಿವೆ, ಒಟ್ಟು ನಲವತ್ತು. ಪಡೆಗೆ ಸೇರುವವರು ಮೊದಲ ದಿನ ತಮ್ಮ ಮೆಚ್ಚಿನ ಪಟ್ಟನ್ನು ಹೆಸರಿಸಿ, ಅದನ್ನು ನಿಧಾನವಾಗಿ ಶುರುಮಾಡಿ, ಕೋಲು ಕಣ್ಣಿಗೆ ಕಾಣದಷ್ಟು ವೇಗಕ್ಕೆ ಏರಿಸಿ, ಮತ್ತೆ ನಿಧಾನಕ್ಕೆ ಇಳಿಸಿ ತೋರಿಸಬೇಕು. ಗಂಡಸರೆಲ್ಲ ನಾಲಿಗೆ ತಿರುಚುವಂಥ ಹೆಸರನ್ನೇ ಹುಡುಕಿ ಹೇಳುತ್ತಿದ್ದರು. ನಾನು ರಾಟಮಕ್ಯೂ ಎಂದು ಎದೆಯುಬ್ಬಿಸಿ ಹೇಳಿದ್ದೆ. ಇರ್ಮಾ ಹೇಳಿದ್ದು ಫ್ಲ್ಯಾಮ್. ಒಂದು ಕೋಲು ಮೆಲ್ಲಗೆ, ಅದರ ಬೆನ್ನಿಗೇ ಇನ್ನೊಂದು ಜೋರಾಗಿ, ಮುಗಿಯಿತು. ಶಾಲೆಯ ಮಕ್ಕಳಿಗೆ ಎರಡನೇ ದಿನ ಹೇಳಿಕೊಡುವ ಪಟ್ಟು ಅದು.

"ಅಷ್ಟೇನಾ?" ಎಂದು ನಾವು ನಕ್ಕಿದ್ದೆವು.

"ಇಬ್ಬರು ಒಬ್ಬರ ಹಿಂದೆ ಒಬ್ಬರು ಸರಿಯಾಗಿ ಬರೋದು ಸುಲಭ ಅಂದ್ಕೊಂಡ್ರಾ? ನಾನೂ ರುಡಾಲ್ಫೂ ಮದ್ವೆಯಾದಾಗಿಂದ ಪ್ರಯತ್ನ ಪಡ್ತಾನೇ ಇದೀವಿ" ಎಂದಿದ್ದಳು.

ಅವಳಿಗೆ ಎಪ್ಪತ್ತಮೂರು ತುಂಬಿದ ವರ್ಷ ಸಾಲಿನಲ್ಲಿ ಕೊಳೆ ಸೇರಿತು. ಕೊಳೆ ಎನ್ನುವುದು ನಮ್ಮವರ ಮಾತು. ಎಂಟು ಜನ ಒಟ್ಟಿಗೆ ಹೊಡೆದರೆ ಒಬ್ಬನೇ ಹೊಡೆದಂತೆ ಕೇಳಬೇಕು. ಯಾರಾದರೂ ಕೂದಲೆಳೆಯಷ್ಟು ಮುಂಚೆ ಹೊಡೆದರೆ, ಟಕ್ ಎನ್ನಬೇಕಾದ ಏಟು ತ್ರಟ್ ಎಂದು ಸೀಳಿಬಿಡುತ್ತದೆ. ಆ ವರ್ಷ ಶಾಲೆಯ ಅಂಗಳದಲ್ಲಿ ಪ್ರತಿ ಶನಿವಾರದ ಅಭ್ಯಾಸದಲ್ಲೂ ತ್ರಟ್.

ಸಾಲಿನ ನಾಯಕ ಡೆಲ್ಬರ್ಟ್ ಹ್ಯೂಗನ್‌ಗೆ ತನ್ನ ಕಿವಿಯ ಮೇಲೆ ಬಲು ಅಭಿಮಾನ. ಕಣ್ಣು ಮೋಸ ಮಾಡುತ್ತದೆ ಎಂದು ನಮಗೆ ಬೆನ್ನು ತಿರುಗಿಸಿ, ಶಾಲೆಯ ಇಟ್ಟಿಗೆ ಗೋಡೆಗೆ ಮುಖ ಮಾಡಿ, ಕಣ್ಮುಚ್ಚಿ ಕೇಳುತ್ತಿದ್ದ. ಅವನಿಗಿಂತ ಹಿಂದಿನ ನಾಯಕರೂ ಹಾಗೇ ನಿಲ್ಲುತ್ತಿದ್ದರು.

"ಮೂರನೇ ಡೋಲು! ಇರ್ಮಾ, ನಿನ್ನ ಫ್ಲ್ಯಾಮ್ ಮನೇಲಿಟ್ಟು ಬಾರಮ್ಮಾ!" ಸೀಳಿದ ಏಟು ಫ್ಲ್ಯಾಮ್‌ನಂತೆಯೇ ಕೇಳುವುದರಿಂದ ಡೆಲ್ಬರ್ಟ್ ಪ್ರತಿ ಸಲ ಅವಳನ್ನೇ ಬೈಯುತ್ತಿದ್ದ.

ಜೂನ್ ಮೊದಲ ವಾರ ಅವನು ಅಪ್ಪಣೆ ಹೊರಡಿಸಿದ. ತಿಂಗಳ ಕೊನೆಯ ಶನಿವಾರದೊಳಗೆ ಸಾಲು ಶುದ್ಧವಾಗದಿದ್ದರೆ, ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಇರ್ಮಾ ಡೋಲು ಬಿಟ್ಟು ಹಿಂದೆ ಕಂಚಿನ ತಾಳ ಹಿಡಿಯಬೇಕು. ಐವತ್ತೊಂದು ವರ್ಷ ಡೋಲು ಹೊತ್ತವಳಿಗೆ ತಾಳ!

"ತಾಳ ಹಿಡಿಯೋದಕ್ಕಿಂತ ಮೆರವಣಿಗೇಲಿ ಕುದುರೆ ಲದ್ದಿ ಗುಡಿಸ್ತೀನಿ" ಎಂದಳು ಇರ್ಮಾ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮುಂಚೆ ಹೊಡೆಯುತ್ತಿದ್ದವನು ನಾನು. ನನ್ನ ಬಲಗೈ ಹೆಬ್ಬೆರಳು ಮರಗಟ್ಟಿತ್ತು. ಎಲ್ಲಿ ತಡವಾಗುತ್ತೇನೋ ಎಂಬ ಹೆದರಿಕೆಗೆ ಕೈ ಮೊದಲೇ ಜಿಗಿಯುತ್ತಿತ್ತು. ಗ್ಯಾರೇಜಿನಲ್ಲಿ ಲಯದ ಯಂತ್ರ ಇಟ್ಟುಕೊಂಡು ಹೊಡೆದು ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಆದರೂ ಡೆಲ್ಬರ್ಟ್ ಅವಳನ್ನು ಬೈದಾಗಲೆಲ್ಲ ನಾನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದೆ. ಆ ಬೇಸಿಗೆಯಲ್ಲಿ ನನ್ನಷ್ಟು ಸಲ ದಾರ ಕಟ್ಟಿದವರು ನಮ್ಮ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ನಾಚಿಕೆಯಾಗುತ್ತಿತ್ತು, ಆದರೆ ಸಾಲು ಬಿಡುವ ಭಯ ನಾಚಿಕೆಗಿಂತ ದೊಡ್ಡದಿತ್ತು.

ಕೊನೆಯ ಶನಿವಾರ ಬಂತು. ಇರ್ಮಾ ಡೋನಟ್ ಡಬ್ಬಿಯನ್ನು ಎಲ್ಲರ ಮುಂದೆ ಹಿಡಿದು ಹಂಚಿದಳು. ಇದು ಬೀಳ್ಕೊಡುಗೆ ಇರಬೇಕೆಂದು ನಾವು ಅಂದುಕೊಂಡೆವು. ಎಲ್ಲರೂ ತಿಂದೆವು, ಅವಳು ಮಾತ್ರ ತನ್ನದನ್ನು ಹಾಗೇ ಇಟ್ಟುಕೊಂಡಳು.

ಡೆಲ್ಬರ್ಟ್ ಗೋಡೆಗೆ ತಿರುಗಿದ. ತಿರುಗಿದ್ದೇ ತಡ, ಇರ್ಮಾ ಸಕ್ಕರೆಪುಡಿ ಮೆತ್ತಿದ ಆ ಡೋನಟ್ಟನ್ನು ತನ್ನ ಡೋಲಿನ ನಟ್ಟನಡುವೆ ಇಟ್ಟಳು. ಉಳಿದ ಏಳು ಜನ ನಾವು ಹೊಡೆಯತೊಡಗಿದಂತೆ, ಅವಳು ಕೋಲುಗಳನ್ನು ಎತ್ತಿ, ಗಾಳಿಯಲ್ಲೇ ಅಷ್ಟೂ ಪಟ್ಟುಗಳನ್ನು ಆಡತೊಡಗಿದಳು. ಒಂದು ಏಟೂ ಚರ್ಮಕ್ಕೆ ತಾಗಲಿಲ್ಲ. ಸಾಲಿನಲ್ಲಿ ಯಾರೂ ನಿಲ್ಲಿಸುವಂತಿಲ್ಲ, ನಗುವಂತಿಲ್ಲ. ಐದನೇ ಡೋಲಿನವನು ತುಟಿ ಕಚ್ಚಿಕೊಂಡು ಕಣ್ಣೀರು ಸುರಿಸುತ್ತಿದ್ದ. ನನಗೆ ಮಾತ್ರ ನಗು ಬರಲಿಲ್ಲ. ಪಕ್ಕದಲ್ಲೇ ನಮ್ಮ ಏಟುಗಳ ಸದ್ದಿಗೆ ಆ ಡೋನಟ್ ಸಣ್ಣಗೆ ನಡುಗುತ್ತಿತ್ತು. ಹೆಬ್ಬೆರಳಿಗೆ ಎಷ್ಟು ಬೇಡಿಕೊಂಡರೂ ಅದು ಕೇಳಲಿಲ್ಲ. ತ್ರಟ್. ತ್ರಟ್.

"ಸಾಕು!" ಗೋಡೆಗೆ ಮುಖ ಮಾಡಿಯೇ ಡೆಲ್ಬರ್ಟ್ ಕೂಗಿದ. "ಇರ್ಮಾ, ಮತ್ತೆ ನೀನೇ! ನನ್ನ ಕಿವಿಗೆ ಮಣ್ಣೆರಚೋಕೆ ಆಗಲ್ಲ!"

"ನಿನ್ನ ಕಿವಿಗೆ ನಮಸ್ಕಾರ ಕಣಪ್ಪಾ. ಒಂಚೂರು ಕಣ್ಣೂ ಬಿಡು" ಎಂದಳು ಇರ್ಮಾ.

ಅವನು ತಿರುಗಿ ನೋಡಿದ. ಡೋನಟ್ ಮುರಿದಿರಲಿಲ್ಲ, ಅದರ ಸುತ್ತ ಒಂದಿಷ್ಟು ಸಕ್ಕರೆ ಉದುರಿತ್ತು, ಅಷ್ಟೇ. ಡೆಲ್ಬರ್ಟ್‌ನ ಕಣ್ಣು ಡೋನಟ್ಟಿನಿಂದ ಇರ್ಮಾಳ ಕೋಲಿಗೆ, ಕೋಲಿನಿಂದ ಡೋನಟ್ಟಿಗೆ ಓಡಿತು. ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಹಾಗಾದ್ರೆ... ಯಾರು?" ಎಂದ ಅವನು, ನಗು ಅಡಗಿದ ಮೇಲೆ.

ಇರ್ಮಾ ನನ್ನ ಕಡೆ ನೋಡಲಿಲ್ಲ. ಯಾರ ಕಡೆಯೂ ನೋಡಲಿಲ್ಲ. ಡೋನಟ್ ಎತ್ತಿಕೊಂಡು ಒಂದು ತುಂಡು ಕಚ್ಚಿ, ಆಕಾಶ ನೋಡುತ್ತಾ ಅಗಿಯತೊಡಗಿದಳು. ಈ ಸಲ ಬೂಟಿನ ದಾರಕ್ಕೆ ಬಗ್ಗಲು ನನ್ನ ಬೆನ್ನು ಒಪ್ಪಲಿಲ್ಲ.

"ನಾನು" ಎಂದೆ.

"ನೀನಾ ಲೈಲ್? ನಿನಗೆ ಗೊತ್ತಿತ್ತಾ?"

"ಏಪ್ರಿಲ್‌ನಿಂದ ಗೊತ್ತು."

ನಾನು ಡೋಲನ್ನು ಹೆಗಲಿಂದ ಇಳಿಸಿ, ಇರ್ಮಾಳ ಕಡೆ ತಿರುಗಿ, "ಕ್ಷಮಿಸು ಮಾರಾಯ್ತಿ, ನನ್ನ ಬೈಗುಳವನ್ನೆಲ್ಲ ನೀನು ತಿಂದೆ" ಎಂದೆ.

ಇರ್ಮಾ ಬೆರಳಿನ ಸಕ್ಕರೆ ನೆಕ್ಕಿಕೊಂಡಳು.

"ನನಗೆ ಮಾರ್ಚ್‌ನಿಂದ ಗೊತ್ತು ಕಣೋ" ಎಂದಳು. "ನೀನೇ ಬಾಯಿ ಬಿಡ್ತೀಯೇನೋ ಅಂತ ಕಾದೆ. ಎಷ್ಟು ಕಾಯಿಸಿದೆಯೋ, ದರಿದ್ರದವನೇ!"

ಜುಲೈ ನಾಲ್ಕರಂದು ಮೂರನೇ ಡೋಲಿನಲ್ಲಿ ಇರ್ಮಾ ನಡೆದಳು. ಹಿಂದೆ ತಾಳ ಹಿಡಿದು ನಾನು ನಡೆದೆ.