ವಾರಕ್ಕೊಂದು ದಿನ ನೀಲಿ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮಕ್ಕಳು ಎದುರಿಗೆ ಅಕ್ಕೋರು ಎನ್ನುತ್ತಾರೆ, ಬೆನ್ನ ಹಿಂದೆ ಬೇರೆ ಏನೋ ಎನ್ನುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆ ಕಂಪ್ಯೂಟರ್ ಆಟ ಅರ್ಧ ಕಾರಣ, ಉಳಿದರ್ಧ ನಾನು.

ಆ ಆಟ ಸಿಕ್ಕಿದ್ದು ಬೇಸಿಗೆ ರಜೆಯಲ್ಲಿ. ಪಾಠದ ವಿಡಿಯೊ ಮಾಡುತ್ತೇನೆಂದು ಮನೆಯಲ್ಲಿ ಹೇಳಿ ಲ್ಯಾಪ್‌ಟಾಪ್ ಕೊಂಡಿದ್ದೆ. ಎರಡು ವಿಡಿಯೊ ಮಾಡಿದೆ, ಎರಡರಲ್ಲೂ ನನ್ನ ಧ್ವನಿ ಬೇರೆ ಯಾರದೋ ಅನ್ನಿಸಿತು, ಬಿಟ್ಟೆ. ಆಮೇಲೆ ಈ ಊರು ಕಟ್ಟುವ ಆಟ. ಮೊದಲಿಗೆ ಬರೀ ಬಯಲು ಕೊಡುತ್ತಾರೆ. ನಾವು ರಸ್ತೆ ಎಳೆದು, ಅದರ ಅಂಚಿಗೆ ಬಣ್ಣ ಬಳಿಯಬೇಕು. ಹಸಿರು ಬಳಿದಲ್ಲಿ ಮನೆಗಳು ಏಳುತ್ತವೆ, ನೀಲಿ ಬಳಿದಲ್ಲಿ ಅಂಗಡಿಗಳು ಏಳುತ್ತವೆ. ಪರದೆಯ ಕೆಳಗೆ ಎರಡು ಪಟ್ಟಿ ಇರುತ್ತವೆ. ಹಸಿರು ಪಟ್ಟಿ ಏರಿದರೆ ಊರಿಗೆ ಮನೆಗಳು ಸಾಲುತ್ತಿಲ್ಲ, ನೀಲಿ ಏರಿದರೆ ಅಂಗಡಿಗಳು ಸಾಲುತ್ತಿಲ್ಲ. ಎರಡನ್ನೂ ಸಮವಾಗಿ ಹಿಡಿದರೆ ಗೆದ್ದಂತೆ. ಇದೇನು ಮಹಾ, ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡು ಕೂತೆ. ರಜೆ ಮುಗಿಯಿತು, ಆಟ ಮುಗಿಯಲಿಲ್ಲ.

ಮೊದಲನೇ ಊರಿನಲ್ಲಿ ಬರೀ ಮನೆ ಕಟ್ಟಿಸಿದೆ. ಉಪ್ಪು ಕೊಳ್ಳಲೂ ಜಾಗವಿಲ್ಲವೆಂದು ಜನ ಮುಖ ಗಂಟು ಹಾಕಿಕೊಂಡರು. ಸರಿ, ಮನೆಗಳ ನಡುವೆಯೇ ನೀಲಿ ಬಳಿದೆ. ಗದ್ದಲ, ನಿದ್ದೆಯಿಲ್ಲ ಎಂದು ಮನೆ ಬಿಟ್ಟು ಹೋದರು. ಅಂಗಡಿಗಳನ್ನು ಎತ್ತಿ ಊರಾಚೆ ಹಾಕಿದೆ. ಗಿರಾಕಿ ಇಲ್ಲವೆಂದು ಅಂಗಡಿಗಳು ಬಾಗಿಲು ಹಾಕಿಕೊಂಡು ಕಪ್ಪಾದವು. ಏನು ಮಾಡಿದರೂ ಮೂಗು ಮುರಿಯುವ ಇಂಥ ಜನವನ್ನು ನಾನು ಮದುವೆ ಮನೆಯಲ್ಲಿ ಬೀಗರ ಪಂಕ್ತಿಯಲ್ಲಿ ಮಾತ್ರ ನೋಡಿದ್ದೆ.

ಐದನೇ ಊರು ಕೈಗೆ ಹತ್ತಿತು. ಈ ಕಡೆ ಮನೆ, ಆ ಕಡೆ ಪೇಟೆ, ನಡುವೆ ಎರಡು ಸಾಲು ಮರ, ಓಡಾಡಲು ಬಸ್ಸು. ಎರಡೂ ಪಟ್ಟಿ ಸಮ ನಿಂತವು. ಮನೆಗಳ ಮೇಲೆ ನಗುವ ಮುಖಗಳು ಮೂಡಿದವು. ಯಾರಿಗಾದರೂ ತೋರಿಸದೆ ಇರಲಾಗಲಿಲ್ಲ. ಗಂಡ ಏಳರ ಬಸ್ಸಿಗೆ ಕೊಪ್ಪಳದ ಕಚೇರಿಗೆ ಹೋದವರು ಕತ್ತಲಾದ ಮೇಲೆ ಬರುವವರು. ಅಕ್ಕಿ ಹಸನು ಮಾಡುತ್ತ ಕೂತಿದ್ದ ಅತ್ತೆಯನ್ನೇ ಕರೆದೆ. ಅವರು ಮೊರ ಪಕ್ಕಕ್ಕಿಟ್ಟು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಛಲೋ ಐತಿ," ಅಂದರು. "ಈ ಊರಾಗ ಸಂತಿ ಯಾವತ್ತು?"

"ಸಂತಿ ಇಲ್ಲರಿ ಅತ್ತಿ. ದಿನಾ ಅಂಗಡಿ ಇರ್ತಾವ."

"ಸಂತಿ ಇಲ್ಲದ ಊರಾಗ ಮಂದಿ ಒಬ್ಬರಿಗೊಬ್ಬರು ಎಲ್ಲಿ ಸಿಗತಾರ?"

"ಸಿಗಂಗಿಲ್ಲ. ಸಿಗೂದು ಬೇಕಾಗಿಲ್ಲ ಅವರಿಗೆ."

"ಅಯ್ಯ ಶಿವನೇ! ಮತ್ತ ಯಾಕ ನಗಾಕಹತ್ಯಾವು ಇವು?" ಅಂದು ಅತ್ತೆ ಮೊರ ಎತ್ತಿಕೊಂಡು ಹೋದರು.

ನಮ್ಮ ಊರು ಕುಷ್ಟಗಿಗೂ ಗಂಗಾವತಿಗೂ ನಡುವೆ ಇದೆ. ಮಂಗಳವಾರ ನಮ್ಮ ಓಣಿಯಲ್ಲೇ ಸಂತೆ. ವಾರದ ಆರು ದಿನ ಅದು ಮನೆಗಳ ಓಣಿ, ಏಳನೇ ದಿನ ಪೇಟೆ. ಆರು ದಿನ ಹಸಿರು, ಒಂದು ದಿನ ನೀಲಿ. ಆಟದಲ್ಲಿ ಅಂಥ ಬಣ್ಣವೇ ಇಲ್ಲ. ಆಟದಲ್ಲಿ ಏನೋ ಕೊರತೆಯಿದೆ ಎಂದು ನನಗೆ ಹೊಳೆಯಬೇಕಿತ್ತು. ಓಣಿಯೇ ತಪ್ಪು ಎಂದು ಹೊಳೆಯಿತು.

ಸಂತೆಗೆ ಬರುವವರಿಗೆ ಗೆರೆ ಎಳೆದ ಜಾಗವಿಲ್ಲ. ಯಾರು ಯಾರ ಮನೆಯ ಮುಂದೆ ಕೂರಬೇಕೆಂಬುದು ಅವರವರ ಅವ್ವಂದಿರ ಕಾಲದಿಂದ ನಡೆದು ಬಂದದ್ದು. ನಮ್ಮ ಕಟ್ಟೆಯ ಕೆಳಗೆ ಹುಲಿಹೈದರ ಊರಿನ ಕಡೆಯ ಒಬ್ಬಾಕೆ ಪುಂಡಿಪಲ್ಲೆ, ರಾಜಗಿರಿ, ಮೆಂತ್ಯದ ಸೊಪ್ಪು ಹರವಿಕೊಂಡು ಕೂರುತ್ತಿದ್ದಳು. ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಅವಳು ತನ್ನ ಅವ್ವನ ಜೊತೆ ಬರುತ್ತಿದ್ದಳಂತೆ. ಇಬ್ಬರೂ ಆಗ ಹುಡುಗಿಯರು. ಈಗ ಇಬ್ಬರಿಗೂ ಮೊಣಕಾಲು ನೋವು. ಮಧ್ಯಾಹ್ನ ಅವಳು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು, ಅತ್ತೆ ಒಳಗಿನಿಂದ ಪಲ್ಯ ತರುತ್ತಿದ್ದರು, ಕಟ್ಟೆಯ ಮೇಲೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಅತ್ತೆಗೆ ಮನೆಯಲ್ಲಿ ಮಗ, ಸೊಸೆ, ಓಣಿ ತುಂಬ ಬಂಧುಗಳು. ಗೆಳತಿ ಅಂತ ಇದ್ದವಳು ಅವಳೊಬ್ಬಳೇ, ಅದೂ ವಾರಕ್ಕೊಂದು ದಿನ.

ನನ್ನ ಕಣ್ಣಿಗೆ ಇದು ಬೀಳುತ್ತಿರಲಿಲ್ಲ. ಕೊಳೆತ ಎಲೆ, ಬಾಯಿ ಹಾಕುವ ದನ, ಬಾಗಿಲಿಗೆ ಅಡ್ಡವಾದ ಚೀಲಗಳು ಬೀಳುತ್ತಿದ್ದವು. ಪ್ರತಿ ಮಂಗಳವಾರ ಸ್ಕೂಟಿ ಹೊರಗೆ ತೆಗೆಯಬೇಕಾದರೆ ಏಳು ಜನ ಏಳಬೇಕು. ಒಂದು ಮಂಗಳವಾರ ಉಳ್ಳಾಗಡ್ಡಿ ಗಾಡಿಯವನೊಬ್ಬ ನಮ್ಮ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿ, ಎತ್ತು ಬಿಚ್ಚಿ ಚಹಾಕ್ಕೆ ಹೋಗಿದ್ದ. ನಾನು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಹೆಡ್ ಮಾಸ್ತರರು ಹಾಜರಿ ಪುಸ್ತಕದ ಮೇಲೆ ಕೈಯಿಟ್ಟುಕೊಂಡು, "ಅಕ್ಕೋರ, ಇವತ್ತೂ ಸಂತಿ ಏನ್ರಿ?" ಅಂದರು. ಆ 'ಇವತ್ತೂ' ನನ್ನ ತಲೆಗೆ ಏರಿತು.

ಅದೇ ಸಂಜೆ ಪಂಚಾಯಿತಿಗೆ ಅರ್ಜಿ ಬರೆದೆ. ಸಂತೆಯನ್ನು ಬಸ್‌ಸ್ಟ್ಯಾಂಡಿನ ಆಚೆಯ ಖಾಲಿ ಮೈದಾನಕ್ಕೆ ಸಾಗಿಸಬೇಕು. ಅರ್ಜಿಯ ಜೊತೆ ಒಂದು ನಕ್ಷೆ. ನಮ್ಮ ಓಣಿ ಹಸಿರು, ಮೈದಾನ ನೀಲಿ, ನಡುವೆ ಎರಡು ಸಾಲು ಬೇವಿನ ಮರ. ಮೈದಾನದಲ್ಲಿ ನಂಬರು ಹಾಕಿದ ಚೌಕಗಳು. ಸ್ಕೇಲು ಹಿಡಿದು, ಬಣ್ಣದ ಪೆನ್ಸಿಲ್ಲಿನಲ್ಲಿ ಮೂರು ದಿನ ಕೂತು ಮಾಡಿದೆ. ಅತ್ತೆ ಬಂದು ಬಗ್ಗಿ ನೋಡಿದರು.

"ಇದೂ ಆಟ ಏನು?"

"ಹೂಂ ರಿ," ಅಂದೆ.

ಸಹಿ ಹಾಕಿಸಲು ಓಣಿ ತುಂಬ ತಿರುಗಿದೆ. ನಮ್ಮ ಮನೆ ಅತ್ತೆಯ ಹೆಸರಿನಲ್ಲಿರುವುದರಿಂದ ಅವರ ಸಹಿಯೂ ಬೇಕಿತ್ತು. ಓಣಿ ಸ್ವಚ್ಛ ಇಡಲಿಕ್ಕೆ ಅಂತ ಹೇಳಿದೆ. ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಎರಡು ಸಲ ಹೇಳಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಇಂಥ ಅರ್ಜಿಗಳು ಯಾವುದೋ ಕಪಾಟಿನಲ್ಲಿ ಸಾಯುತ್ತವೆ ಎಂದು ಎಲ್ಲರೂ ಹೇಳಿದರು. ನನ್ನದು ಸಾಯಲಿಲ್ಲ. ನಕ್ಷೆ ಅಷ್ಟು ಚೆನ್ನಾಗಿತ್ತು. ಪಂಚಾಯಿತಿ ಸಾಹೇಬರು ಅದನ್ನು ಗೋಡೆಗೆ ಹಚ್ಚಿಸಿದರು, ಹಾಗೇ ಮಾಡಿಸಿಯೂ ಬಿಟ್ಟರು. ಮೈದಾನದಲ್ಲಿ ಸುಣ್ಣದ ಗೆರೆ ಬಿತ್ತು, ಚೀಟಿ ಎತ್ತಿ ನಂಬರು ಹಂಚಿದರು. ನಮ್ಮ ಓಣಿಯ ತುದಿಗೆ ಬೋರ್ಡು ಬಂತು: ಇದು ವಸತಿ ರಸ್ತೆ, ಇಲ್ಲಿ ಕುಳಿತು ವ್ಯಾಪಾರ ಮಾಡುವವರಿಗೆ ದಂಡ ವಿಧಿಸಲಾಗುವುದು. ಕಾಗುಣಿತ ತಪ್ಪಬಾರದೆಂದು ಆ ವಾಕ್ಯವನ್ನೂ ನಾನೇ ಬರೆದುಕೊಟ್ಟಿದ್ದೆ.

ಬೇವಿನ ಸಸಿಗಳು ಮಾತ್ರ ಬರಲಿಲ್ಲ.

ಮೊದಲನೇ ಮಂಗಳವಾರ ಓಣಿ ಗುಡಿಸಿಟ್ಟ ಹಾಗಿತ್ತು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ನಾನು ಸಂಜೆ ಬಂದಾಗಲೂ ಅಲ್ಲೇ ಕೂತಿದ್ದರು. ಯಾರು ಮಾಡಿಸಿದರು, ಯಾಕೆ ಮಾಡಿಸಿದರು ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಜಗಳವಾಡುತ್ತಿದ್ದೆ, ನನ್ನ ಹತ್ತಿರ ಉತ್ತರಗಳು ತಯಾರಿದ್ದವು. ಎರಡನೇ ವಾರ, ಮೂರನೇ ವಾರ ಹೀಗೇ ಹೋಯಿತು. ಮಂಗಳವಾರ ಮಧ್ಯಾಹ್ನ ಅವರು ಸರಿಯಾಗಿ ಉಣ್ಣುತ್ತಿಲ್ಲ ಎಂದು ಡಬ್ಬಿಯಲ್ಲಿ ಉಳಿದ ಪಲ್ಯದಿಂದ ಗೊತ್ತಾಯಿತು. ನನಗೆ ಆಟದಲ್ಲೂ ಮನಸ್ಸು ನಿಲ್ಲಲಿಲ್ಲ. ಆಟದಲ್ಲಿ ಕಪ್ಪಾದ ಅಂಗಡಿಯನ್ನು ಕೆಡವಿದರೆ ಅದೇ ಜಾಗದಲ್ಲಿ ಇನ್ನೊಂದು ಏಳುತ್ತದೆ, ಮೊದಲಿನವರು ಎಲ್ಲಿ ಹೋದರೆಂದು ಯಾರೂ ಕೇಳುವುದಿಲ್ಲ.

ನಾಲ್ಕನೇ ಮಂಗಳವಾರ ಯಾವುದೋ ಜಯಂತಿಗೆ ಶಾಲೆ ರಜೆ. ಅತ್ತೆ ಹೊಸ ಸೀರೆ ಉಟ್ಟುಕೊಂಡು ಬಂದು, "ನನ್ನ ಆ ಮೈದಾನಕ್ಕ ಕರಕೊಂಡು ಹೋಗು," ಅಂದರು. ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ.

ಮೈದಾನದಲ್ಲಿ ಒಂದು ಮರವಿಲ್ಲ. ಜನ ಗೇಟಿನಿಂದ ಒಳಗೆ ಬಂದು, ಮೊದಲ ಎರಡು ಸಾಲಿನಲ್ಲೇ ಚೀಲ ತುಂಬಿಸಿಕೊಂಡು ಹಿಂದಿರುಗುತ್ತಿದ್ದರು. ನಾವು ಸಾಲು ಸಾಲು ದಾಟಿ ಹೋದೆವು. ಅತ್ತೆ ನನ್ನ ಹೆಗಲು ಹಿಡಿದು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡರು. ಅತ್ತೆಯ ಗೆಳತಿ ಕೊನೆಯ ಸಾಲಿನಲ್ಲಿ, ಕಾಂಪೌಂಡ್ ಗೋಡೆಗೆ ಒರಗಿ ಸೆರಗು ತಲೆಯ ಮೇಲೆ ಹೊದ್ದು ಕೂತಿದ್ದಳು. ಪಲ್ಲೆಯ ಕಟ್ಟುಗಳು ಬಿಸಿಲಿಗೆ ಬಾಡಿ ನೆಲಕ್ಕೆ ಅಂಟಿದ್ದವು. ಮುಂಜಾನೆ ತಂದದ್ದು ಹಾಗೇ ಇತ್ತು.

"ಯಕ್ಕಾ! ನೀ ಯಾಕ ಬಂದಿ ಬೇ ಈ ಬಿಸಿಲಾಗ!" ಎಂದು ಅವಳು ಏಳಲು ಹೋಗಿ, ಮೊಣಕಾಲು ಹಿಡಿದುಕೊಂಡು ಮತ್ತೆ ಕೂತಳು. ಅತ್ತೆ ಅವಳ ಚೀಲದ ಮೇಲೇ ಕುಸಿದರು. ಇಬ್ಬರೂ ಕೈ ಕೈ ಹಿಡಿದುಕೊಂಡರು.

"ಇದ ಕಡೀ ವಾರ ನೋಡಕ್ಕ," ಅಂದಳು ಅವಳು. "ಮುಂದ ಬರಂಗಿಲ್ಲ ನಾನು. ಬಸ್ ಚಾರ್ಜೂ ಹುಟ್ಟವಲ್ದು. ಕನಕಗಿರಿ ಸಂತಿಗೆ ಹೊಕ್ಕೀನಿ, ನಮ್ಮೂರಿಗೆ ಸಮೀಪ."

"ನಮ್ಮ ಕಟ್ಟಿ ಮುಂದ ಬಂದು ಕುಂದರ್ರಿ," ಅಂದೆ. "ನಾ ಹೇಳ್ತೀನಿ ಎಲ್ಲಾರಿಗೂ."

"ನೀವು ಓದಿದವರು, ಅಲ್ಲಿ ಬೋರ್ಡ್ ಹಚ್ಯಾರ, ನೋಡಿಲ್ಲೇನ್ರಿ ಅಕ್ಕೋರ? ಒಬ್ಬಾಕಿ ಕುಂತು ದಂಡ ಕಟ್ಯಾಳ." ಆಮೇಲೆ ಅವಳಿಗೆ ಸಿಟ್ಟು ಬಂತು. ನೆಲಕ್ಕೆ ಕೈ ಬಡಿದಳು. "ಯಾರೋ ನಕ್ಷೆ ಬರದು ಕೊಟ್ಟಾರಂತ. ಬಣ್ಣಾ ಹಚ್ಚಿ, ಗೆರಿ ಹೊಡದು! ನಮ್ಮವ್ವ ಕುಂತ ಜಾಗಾ ಅಕ್ಕ ಅದು. ಅದನ್ನ ಬರದ ಕೈ ಸೇದಿ ಬಿದ್ದು ಹೋಗ್ಲಿ!"

ಸಿಟ್ಟಿನವಳು ನಾನು, ಆದರೆ ಆಗ ಸಿಟ್ಟು ಬರಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತೆ. ನಾನೇ ಎಂದು ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಹಂಗ ಅನಬ್ಯಾಡ ಬೇ," ಅಂದರು. "ಆ ಕೈಲೆ ಬಡದ ರೊಟ್ಟಿನ ನಾ ದಿನಾ ಉಣ್ಣಾಕಿ."

ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಲೆಯೆತ್ತಿ ನನ್ನ ಮುಖ ನೋಡಿದಳು, ಆಮೇಲೆ ಸೆರಗಿನೊಳಗಿದ್ದ ನನ್ನ ಕೈಗಳ ಕಡೆ ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

"ಹಂಗಾದ್ರ ಆ ಕೈ ಗಟ್ಟಿ ಇರ್ಲಿ ಬಿಡಕ್ಕ," ಎಂದು ಅವಳು ಅತ್ತೆಗೆ ಹೇಳಿದಳು. "ನಿನಗ ಇನ್ನ ಯಾರದಾರ?"